ಎರಡು ಸಲ ಬೀಸಿದ ಹಿಟ್ಟು

ಬೆಳಗಾಗುವ ಮೊದಲು ಸೆರಹ ಬೂದಿ ಕೆದಕಿ ಕೆಂಡ ಊದಬೇಕು, ತೊಟ್ಟಿಯಿಂದ ಎರಡು ಕೊಡ ನೀರು ತರಬೇಕು, ಆಡಿನ ಹಾಲು ಕರೆಯಬೇಕು, ನಿನ್ನೆಯ ಹುಳಿಹಿಟ್ಟು ಬೆರೆಸಿ ರೊಟ್ಟಿಗೆ ನಾದಬೇಕು, ಅರಸುಕೂಸಿನ ಒದ್ದೆ ಬಟ್ಟೆ ಬದಲಿಸಬೇಕು. ಎಲ್ಲಕ್ಕಿಂತ ಮೊದಲು ಜವೆಗೋಧಿ ಬೀಸಬೇಕು. ಸಮಾರ್ಯದಲ್ಲಿ ನಸುಕಿಗೆ ಬೀಸುವ ಸದ್ದಿಲ್ಲದ ಮನೆಯೆಂದರೆ ಸಾವಿನ ಮನೆ. ಕಲ್ಲು ನಿಂತರೆ ಮಲಗಿದವರು ದಿಗಿಲುಬಿದ್ದು ಎದ್ದು ಕೂರುತ್ತಾರೆ.

ಅರಸನ ಮನೆತನದ ಎಪ್ಪತ್ತು ಗಂಡುಕುಡಿಗಳನ್ನು ಊರ ಹಿರಿಯರ ಮನೆಗಳಲ್ಲಿ ಸಾಕಲು ಬಿಟ್ಟಿದ್ದರು. ಕೊನೆಯದನ್ನು ಸಾಕಿದವನು ಹಿರಿಯ ಗೇರ ಎಂದು ಜನ ಹೇಳುವುದು. ಹಾಲು ಕೊಟ್ಟವಳು ಅವನ ಮನೆಯಾಳು ಸೆರಹ. ಅರಸುಕೂಸು ಅವಳ ಮೊಲೆಯಲ್ಲಿ ಬೆಳೆಯುತ್ತಿದ್ದಾಗ ಅವಳದೇ ಹೆಣ್ಣುಕೂಸು ನೀರುಗಂಜಿ ಕುಡಿದು ಸತ್ತಿತ್ತು. ಈಗ ಅರಸುಕೂಸಿಗೆ ಮೂರು ವರ್ಷ.

ದಂಡನಾಯಕನೊಬ್ಬ ಇಜ್ರೇಲಿನಲ್ಲಿ ಅರಸನನ್ನು ಬಾಣದಿಂದ ಕೊಂದಿದ್ದ. ನಿನ್ನೆ ಆ ದಂಡನಾಯಕನ ಓಲೆ ಹಿರಿಯರಿಗೆ ಬಂತು. ಸಂಜೆ ಗೇರನ ಹೆಂಡತಿ ಅಟಾರ ಅಡುಗೆಮನೆಗೆ ಬಂದಳು.

"ಅಂಜೂರದ ದೊಡ್ಡ ಬುಟ್ಟಿ ತೊಳೆದಿಡೇ. ಒಳಗೆ ಹುಲ್ಲು ಹಾಸು. ಬೆಳಿಗ್ಗೆ ಇಜ್ರೇಲಿಗೆ ಹೋಗ್ಬೇಕು."

"ಅಂಜೂರ ಎಲ್ಲಿದೆ ಅಮ್ಮಾವ್ರೇ, ಕಾಲ ಮುಗೀತಲ್ಲ?"

"ಹೇಳಿದಷ್ಟು ಮಾಡು." ಅಟಾರ ಮಗುವಿನ ಕಡೆ ನೋಡಲಿಲ್ಲ.

ತೊಟ್ಟಿಯ ಬಳಿ ಮುದುಕಿ ಹೊಗ್ಲಾ, ಇನ್ನೊಬ್ಬ ಹಿರಿಯನ ಮನೆಯ ಬಟ್ಟೆ ಒಗೆಯುವವಳು, "ನಮ್ಮನೇಲೂ ಬುಟ್ಟಿ ಕೇಳಿದ್ರು ಕಣೇ" ಎಂದಳು.

"ನಮ್ಮನೇಲೂ. ಹುಲ್ಲು ಬೇರೆ ಹಾಸ್ಬೇಕಂತೆ" ಎಂದಳು ಸೆರಹ.

"ಗಂಡಸ್ರೆಲ್ಲ ಸೇರಿ ಕಲ್ಲಂಗಡಿ ಕಳಿಸ್ತಾರೇನೋ!" ಎಂದು ಇನ್ನೊಬ್ಬಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಬುಟ್ಟಿ ಕೇಳಿದ್ದು ಅರಸುಮಕ್ಕಳಿದ್ದ ಮನೆಗಳಲ್ಲಿ ಮಾತ್ರ. ಅದರಲ್ಲಿ ದಂಡನಾಯಕನಿಗೆ ಹೋಗುವುದು ಆ ಮಕ್ಕಳ ತಲೆಗಳೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ರಾತ್ರಿ ಸೆರಹಳೊಡನೆ ಮಾತಾಡಿಕೊಂಡಂತೆ ನಸುಕಿಗೆ ಹೊಗ್ಲಾ ಬಟ್ಟೆಗಂಟು ಹೊತ್ತು ಹಿತ್ತಿಲ ಬಾಗಿಲಿಗೆ ಬಂದಳು. ಅವಳು ದಿನವೂ ಊರಬಾಗಿಲಾಚೆಯ ಬುಗ್ಗೆಗೆ ಹೋಗುವವಳು. ಸೆರಹ ಮಲಗಿದ್ದ ಮಗುವಿಗೆ ತನ್ನ ತಲೆವಸ್ತ್ರ ಸುತ್ತಿಟ್ಟು, ಆಗಲೇ ಬೀಸುಕಲ್ಲಿನ ಮೇಲುಗಲ್ಲು ತಳ್ಳುತ್ತಿದ್ದಳು.

"ಮಗೂನ ಬಟ್ಟೆಗಂಟಿನೊಳಗೆ ಇಟ್ಕೋತೀನಿ. ಅತ್ರೆ?"

"ನನ್ ವಾಸನೆ ಇದ್ರೆ ಅಳಲ್ಲ. ಎತ್ಕೋ."

"ನೀನೂ ಬಾರೇ. ಬುಟ್ಟಿ ಖಾಲಿ ಕಂಡ್ರೆ ನಿನ್ ತಲೆ ಹಾಕ್ತಾರೆ."

"ಕಲ್ಲು ನಿಂತ್ರೆ ಮನೆ ಏಳುತ್ತೆ. ಈ ಕಾಳು ಮುಗಿಸಿ ಬರ್ತೀನಿ. ನಡಿ ಅಜ್ಜಿ."

ಹೊಗ್ಲಾ ಹೋದಳು. ಅಟಾರ ಅಳೆದು ಕೊಟ್ಟಿದ್ದ ಕಾಳು ಬೇಗನೆ ಮುಗಿಯಿತು. ಕಣಜವಿದ್ದದ್ದು ಯಜಮಾನರು ಮಲಗಿದ್ದ ಕೋಣೆಯಲ್ಲಿ. ಖಾಲಿ ಕಲ್ಲು ಕಿರುಗುಟ್ಟಿತು. ಒಳಗೆ ಯಾರೋ ಕೆಮ್ಮಿ ಮಗ್ಗುಲು ಬದಲಿಸಿದರು.

ಹಿತ್ತಿಲ ಬಾಗಿಲು ತೆರೆದೇ ಇತ್ತು. ಈಗ ಓಡಿದರೆ ತಾನು ಉಳಿಯಬಹುದು. ಆದರೆ ಮುದುಕಿಯ ನಡಿಗೆ ನಿಧಾನ. ಊರಬಾಗಿಲು ಇನ್ನೂ ದಾಟಿರಲಾರಳು.

ಸೆರಹ ಬೀಸಿಟ್ಟ ಹಿಟ್ಟನ್ನು ಎರಡೂ ಕೈಯಲ್ಲಿ ಬಾಚಿ ಮತ್ತೆ ಕಲ್ಲಿನ ಮೇಲೆ ಸುರಿದಳು. ಬಾಗಿಲಿಗೆ ಬೆನ್ನು ಮಾಡಿ, ಮೊಣಕಾಲೂರಿ ಬೀಸತೊಡಗಿದಳು.