ಹಳ್ಳದ ಮೆಟ್ಟಿಲಲ್ಲಿ ಅತ್ತೆ ಹೇಳಿದ್ದು

ಡಿಚೋಲಿ ಊರ ಹೊರಗಿನ ಪಾರ್ಕಿನಲ್ಲಿ, ಹಳ್ಳದ ಮೇಲಿನ ಕಾಲುಸೇತುವೆಯ ನಡುವೆ ನಿಂತಿದ್ದೆ. ಹೋದ ವರ್ಷ ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ಬೆಳಗಿನ ಏಳೂವರೆ ಇರಬೇಕು. ಬಿಸಿಲು ನನ್ನ ಬೆನ್ನಿಗಿತ್ತು. ಎದುರಿಗೆ ಹಳ್ಳಕ್ಕೆ ಇಳಿಯುವ ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತಿತ್ತು.

ಅಲ್ಲಿಯ ದಾರಿ ಸುಲಭ. ಹಳ್ಳದ ಒಂದು ದಡ ಹಿಡಿದು ಹೋಗಿ, ಸೇತುವೆ ದಾಟಿ, ಇನ್ನೊಂದು ದಡದಿಂದ ಗೇಟಿಗೇ ಮರಳುತ್ತದೆ. ಜನ ವಾಕಿಂಗಿಗೆ ಬರುತ್ತಾರೆ. ನಾವು ಬಂದದ್ದು ಗಂಗೆಯ ಪೂಜೆಗೆ. ನನ್ನ ತಂಗಿ ಬಾಣಂತಿ. ನಮ್ಮಲ್ಲಿ ಬಾಣಂತಿ ನೀರಿಗೆ ಪೂಜೆ ಮಾಡಿ, ತುಂಬಿದ ಕೊಡ ಹೊತ್ತು, ಮಾತಾಡದೆ, ತಿರುಗಿ ನೋಡದೆ ಮನೆ ಸೇರಬೇಕು. ದುಡಿಯಲು ಬಂದ ಈ ಪರನಾಡಿನಲ್ಲಿ ಬಾವಿಯೆಲ್ಲಿ, ತಂಗಿಯ ಬಾಡಿಗೆ ಖೋಲಿಯಲ್ಲಿ ಇರುವುದು ನಲ್ಲಿ ಮಾತ್ರ; ಅದಕ್ಕೇ ಈ ಹಳ್ಳ.

"ಊರಾಗಿನ ಗಂಗವ್ವ ಬಾವ್ಯಾಗ ಸುಮ್ನ ಕುಂತಾಳ. ಇಲ್ಲೀಕಿ ದಿನಾ ವಾಕಿಂಗ್ ಹೊಂಟಾಳ ನೋಡ್ರಿ" ಎಂದು ತಂಗಿಯ ಅತ್ತೆ ದಾರಿಯುದ್ದಕ್ಕೂ ನಗಿಸಿದ್ದರು.

ಹೆಂಗಸರ ಪೂಜೆಯಾದ್ದರಿಂದ ನಾನು ಸೇತುವೆಯ ಮೇಲೇ ಉಳಿದೆ. ಪಕ್ಕದಲ್ಲಿ ಪಾರ್ಕಿನ ಕಾವಲುಗಾರನಿದ್ದ. ನೀರಿಗೆ ಹೂವು ಬಿಡಬೇಡಿ ಎಂದು ಹಿಂದಿಯಲ್ಲಿ ಹೇಳಿ, ಬಿಡುತ್ತಾರೇನೋ ಎಂದು ಮೆಟ್ಟಿಲ ಕಡೆಗೇ ನೋಡುತ್ತ ನಿಂತಿದ್ದ.

ಪೂಜೆ ಮುಗಿಯಿತು. ನೆರೆಮನೆಯ ಮೂವರು ಹೆಂಗಸರು ಹಾಡು ಹೇಳುತ್ತ ಮುಂದೆ ನಡೆದರು. ಅವರ ಹಿಂದೆ ಕೊಡ ಹೊತ್ತ ತಂಗಿ. ಆರತಿ ತಟ್ಟೆ ಎತ್ತಿಕೊಂಡು ಕೊನೆಗೆ ಹೊರಟ ಅತ್ತೆ ಪಾಚಿಗಟ್ಟಿದ ಕೆಂಪು ಕಲ್ಲಿನ ಮೇಲೆ ಜಾರಿ ಬಿದ್ದರು. ತಟ್ಟೆಯ ಸದ್ದಿಗೆ ತಂಗಿ ನಿಂತಳು. ಬಿದ್ದಲ್ಲಿಂದಲೇ ಅತ್ತೆ ಕೈ ಎತ್ತಿ, ಮುಂದಕ್ಕೆ ತಳ್ಳುವ ಹಾಗೆ ಎರಡು ಸಲ ಬೀಸಿದರು.

"ನಿಲ್ಲಬ್ಯಾಡ ಯವ್ವಾ. ತಿರುಗಿ ನೋಡಬ್ಯಾಡ. ನಡೀ!"

ತಂಗಿ ನಡೆದಳು. ನಾನು ಓಡಿಹೋಗಿ ಎತ್ತಿದಾಗ ಅತ್ತೆ ಕೇಳಿದ್ದು ಒಂದೇ: "ಕೊಡ ತುಳುಕಲಿಲ್ಲಲ್ಲ?"

ಸೊಂಟ ಮುರಿದಿತ್ತು. ಮತ್ತೆ ಏಳಲಿಲ್ಲ. ಈ ಬೇಸಿಗೆಯಲ್ಲಿ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ತಂಗಿಯ ಗಂಡ ಅವಳನ್ನೂ ಮಗುವನ್ನೂ ಪರ್ವರಿ ಊರಿನಲ್ಲಿರುವ ನನ್ನ ಖೋಲಿಗೆ ತಂದು ಬಿಟ್ಟು ಹೋದ. ಬಿದ್ದ ಮುದುಕಿಯನ್ನು ಬಿಟ್ಟು ನಡೆದವಳು ತನಗೆ ಬೇಡವಂತೆ.

ನಡೆ ಅಂದವರು ನಿನ್ನ ತಾಯಿಯೇ ಎಂದು ಎಷ್ಟು ಸಲ ಹೇಳಲಿ?

"ಅವ್ವನೂ ಹಂಗ ಅಂತಿದ್ದಳ್ರಿ. ಸೊಸಿ ಹೆಸರು ಕೆಡಬಾರ್ದಂತ" ಎನ್ನುತ್ತಾನೆ.

"ನಾನು ಕಣ್ಣಾರೆ ನೋಡೇನೋ."

"ನೀವು ಆಕಿ ಅಣ್ಣಾರು. ಮತ್ತೇನ ಹೇಳ್ತೀರಿ?"

ನೆರೆಮನೆಯವರನ್ನು ಕೇಳಿದೆ. "ನಾವು ಮುಂದಿದ್ವಿರಿ, ಹಾಡಿನಾಗ ಏನೂ ಕೇಳಿಸಲಿಲ್ಲ" ಎಂದರು. ಸುಳ್ಳಲ್ಲ. ಆದರೂ ಸಿಟ್ಟು ಬಂತು.

ಹೋದ ವಾರ ಪಾರ್ಕಿಗೆ ಹೋಗಿ ಕಾವಲುಗಾರನನ್ನು ಕೇಳಿದೆ. ಅವನಿಗೆ ಕನ್ನಡ ಬಾರದು. ಅತ್ತೆ ಏನೆಂದರೋ ಗೊತ್ತಿಲ್ಲ. ಆದರೆ ಕೈ ಎತ್ತಿ, ಮುಂದಕ್ಕೆ ಎರಡು ಸಲ ಬೀಸಿ ತೋರಿಸಿದ. ಒಂದು ಸಲ ಬಂದು ಇದನ್ನು ನೋಡು ಎಂದು ತಂಗಿಯ ಗಂಡನಿಗೆ ಹೇಳಿಕಳಿಸಿದ್ದೇನೆ. ಬಂದಿಲ್ಲ.

ಕಂಡವರಲ್ಲಿ ಈಗ ಉಳಿದವರು ನಾನು ಮತ್ತು ಆ ಕಾವಲುಗಾರ. ಅವನು ಬೆಳಗಿನ ಪಾಳಿಯಲ್ಲಿ ಅದೇ ಗೇಟಿನಲ್ಲಿರುತ್ತಾನೆ. ತಂಗಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅವಳು ತಿರುಗಿ ನೋಡಲಿಲ್ಲ.