ಚಾಕಿ ಮೇಡಂ ನಮ್ಮ ಮನೆಯಲ್ಲಿ ಉಳಿದ ಹತ್ತು ದಿನ

ಮೊನ್ನೆ ರೇಷ್ಮೆ ಹುಳುವಿನ ಹೊಸ ಮೊಟ್ಟೆಗಳನ್ನು ತರುವ ಮುಂಚೆ ಸಾಕುವ ಕೋಣೆಗೆ ಔಷಧಿ ಹೊಡೆಸಿ, ಮರುದಿನ ಬೆಳಿಗ್ಗೆ ಬಾಗಿಲು ತೆಗೆದೆ. ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯಿತು. ಅದರ ಜೊತೆಗೇ ನಮ್ಮ ಚಾಕಿ ಮೇಡಂ ನೆನಪಾದರು...

ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ಆಗ ಸರ್ಕಾರದ ಚಾಕಿ ಕೇಂದ್ರವಿತ್ತು. ಆಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು ಎರಡನೇ ಜ್ವರ ದಾಟುವವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಅಲ್ಲಿ ಸಾಕಿ ರೈತರಿಗೆ ಕೊಡುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರು ಮೇಡಂ. ಚಿಂತಾಮಣಿಯಿಂದ ಬೆಳಗಿನ ಮೊದಲ ಬಸ್ಸಿಗೇ ಬರುತ್ತಿದ್ದರು. ಗಂಡ ತೀರಿಹೋಗಿ ತವರಿಗೆ ಬಂದಿದ್ದ ನಾನು ಅಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ದಿನಗೂಲಿಯವಳು.

ಒಂದು ದಿನ ಆದೇಶ ಬಂತು. ಸರ್ಕಾರ ಇನ್ನು ಚಾಕಿ ಮಾಡುವುದಿಲ್ಲ, ಖಾಸಗಿಯವರು ಮಾಡಲಿ. ಮೇಡಂಗೆ ಚಿಕ್ಕಬಳ್ಳಾಪುರದ ಕಚೇರಿಗೆ ವರ್ಗ. ನನಗೆ... ಏನೂ ಇಲ್ಲ. ಮರಿ ಸಾಕುವ ತಟ್ಟೆ ತೊಳೆಯುತ್ತಾ ಅಳುತ್ತಿದ್ದ ನನ್ನ ಪಕ್ಕ ಮೇಡಂ ಬಂದು ಕೂತರು.

“ಖಾಸಗಿಯವರು ಅಂದ್ರೆ ಯಾರೋ ದೊಡ್ಡೋರೇ ಆಗ್ಬೇಕಾ? ನೀನೇ ಮಾಡಮ್ಮ.”

“ನನ್ನ ಹತ್ರ ಯಾರು ತಗೋತಾರೆ ಮೇಡಂ? ಸರ್ಕಾರದ ಸೀಲಿದ್ರೆ ನಂಬ್ತಾರೆ.”

“ಹುಳ ಸೀಲ್ ನೋಡಿ ಸೊಪ್ಪು ತಿನ್ನಲ್ಲ ಕಣಮ್ಮ.”

ಅಪ್ಪನ ಹುಳು ಮನೆಯ ಒಂದು ಕೋಣೆಯಲ್ಲಿ ಶುರು ಮಾಡಿದೆ. ಮೇಡಂ ರಜೆ ಹಾಕಿ, ಒಂದು ಬ್ಯಾಗು ಹಿಡಿದು ಬಂದು, ಹತ್ತು ದಿನ ನಮ್ಮಲ್ಲೇ ಉಳಿದರು. ಮರಿ ತೆಗೆದುಕೊಳ್ಳಲು ಒಪ್ಪಿದವರು ಪಕ್ಕದ ತೋಟದವರೊಬ್ಬರೇ. ಅದೂ ಮೇಡಂ ತಾವೇ ಅವರ ಮನೆಗೆ ಹೋಗಿ ಕೇಳಿದ್ದಕ್ಕೆ. ನಾಲ್ಕನೇ ದಿನ ಬಿಸಿಗಾಳಿ ಎದ್ದು ತಟ್ಟೆಯಲ್ಲಿದ್ದ ಸೊಪ್ಪೆಲ್ಲ ಬಾಡಿತು. ಮರಿಗಳು ಮೇಯುವುದನ್ನೇ ಬಿಟ್ಟವು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೇಡಂ ಸೆರಗು ಸಿಕ್ಕಿಸಿ, ಗೋಣಿತಾಟು ನೆನೆಸಿ ಕಿಟಕಿಗಳಿಗೆ ಕಟ್ಟಿದರು. ಎಳೆ ಸೊಪ್ಪು ಹೊಸದಾಗಿ ಕೊಯ್ಯಿಸಿದರು. ಬೈದರು ಕೂಡ: “ನೀನು ಹೆದ್ರಿಕೊಂಡು ನಿಂತ್ರೆ ಅವಕ್ಕೆ ಯಾರಮ್ಮ ದಿಕ್ಕು?” ಸಂಜೆಯ ಹೊತ್ತಿಗೆ ಮರಿಗಳು ಮತ್ತೆ ಮೇಯತೊಡಗಿದವು.

ಆ ಬೆಳೆಯ ಗೂಡು ಗಟ್ಟಿಯಾಗಿ ಬಂತು. ಮುಂದಿನ ಬೆಳೆಗೆ ಆರು ಮನೆಯವರು ಕೇಳಿಕೊಂಡು ಬಂದರು. ಈಗ ನನ್ನ ಬಳಿ ಎಂಟು ಹೆಂಗಸರು ಕೆಲಸ ಮಾಡುತ್ತಾರೆ. ಮಂಚೇನಹಳ್ಳಿ ಕಡೆಯಿಂದಲೂ ರೈತರು ಬರುತ್ತಾರೆ. ಹಾಗಂತ ಕೇಂದ್ರ ಮುಚ್ಚಿದ್ದು ಒಳ್ಳೆಯದಾಯಿತು ಎಂದು ಹೇಳಲಾರೆ. ಸ್ವಂತ ತೋಟ, ಕೋಣೆ ಇಲ್ಲದ ಇನ್ನಿಬ್ಬರು ಕೂಲಿಯವರು ಕೆಲಸ ಹುಡುಕಿಕೊಂಡು ಊರೇ ಬಿಟ್ಟರು. ನನಗೆ ಅಪ್ಪನ ಹುಳು ಮನೆಯಿತ್ತು, ಮೇಡಂ ಇದ್ದರು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಬಂದಾಗ ಮರಿಗಳು ಜ್ವರದಿಂದ ಎದ್ದು ಸೊಪ್ಪು ಕೇಳುವ ಹೊತ್ತು, ಬಿಟ್ಟು ಹೊರಡಲಾಗಲಿಲ್ಲ. ತಿಥಿಗೆ ಚಿಂತಾಮಣಿಗೆ ಹೋದಾಗ ಅವರ ಮಗಳು ನನ್ನ ಕೈ ಹಿಡಿದು, “ಬೇಜಾರು ಮಾಡ್ಕೋಬೇಡಿ ಅಕ್ಕ, ಅಮ್ಮ ಇದ್ದಿದ್ರೂ ಹುಳ ಬಿಟ್ಟು ಬರ್ಬೇಡ ಅಂತಾನೇ ಹೇಳ್ತಿದ್ರು” ಎಂದರು.

ಹೌದು, ಹಾಗೇ ಹೇಳುತ್ತಿದ್ದರು... ಆದರೂ ನಾನು ಅವತ್ತೇ ಹೋಗಬೇಕಿತ್ತು.