ವಿಭೂತಿಯ ಹುಡುಗಿಗೆ ರೊಟ್ಟಿ ಮುಗಿದಾಗ

ನೀವು ನಂಬುವುದಿಲ್ಲ. ನಂಬಿಸುವಷ್ಟು ತ್ರಾಣವೂ ನನ್ನಲ್ಲಿ ಉಳಿದಿಲ್ಲ. ಆದರೂ ಕೇಳಿ: ಇಡೀ ಆದೋನಿಯಲ್ಲಿ ಪಾತಾಳದ ಒಂಬತ್ತನೇ ಅಂತಸ್ತಿನವರೆಗೆ ಇಳಿದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು, ಮೂರು ಮೆಟ್ಟಿಲು ಇಳಿಯಲು ನಾಲ್ಕು ಸಲ ಕೂರುವ ನಮ್ಮಜ್ಜಿ.

ಇಂಟರ್‌ನ, ಅಂದರೆ ನಿಮ್ಮ ಪಿಯುಸಿಯ, ಮೊದಲ ವರ್ಷದ ಪರೀಕ್ಷೆ ಮುಗಿದಿತ್ತು. ದೊಡ್ಡಪ್ಪನ ಮಗನ ಹಳೆಯ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂದಿತ್ತು. ಅದರ ಬ್ಯಾಟರಿ ಸತ್ತು ಒಂದು ಯುಗವಾಗಿತ್ತು. ಗೋಡೆಯ ಸ್ವಿಚ್ಚು ಹಾಕಿದ್ದರೆ ಅದಕ್ಕೆ ಉಸಿರು, ಇಲ್ಲದಿದ್ದರೆ ಇಲ್ಲ. ಅದರೊಳಗೆ ಒಂದು ಆಟವಿತ್ತು. ನಾಲ್ವರ ತಂಡ ಕಟ್ಟಿಕೊಂಡು ನೆಲದಡಿಯ ಗುಹೆಗಳಿಗೆ ಇಳಿಯಬೇಕು. ಕಾದಾಟ ಬಂತೆಂದರೆ ನೆಲವೆಲ್ಲ ಚೌಕಚೌಕವಾಗುತ್ತದೆ. ನಮ್ಮವನದು ಒಂದು ನಡೆ, ವೈರಿಯದು ಒಂದು ನಡೆ. ಮುಂದೆ ಗುರಾಣಿಯವನು, ಪಕ್ಕದಲ್ಲಿ ಭರ್ಜಿಯವನು, ಹಿಂದೆ ಬಿಲ್ಲಿನವನು, ಎಲ್ಲರಿಗಿಂತ ಹಿಂದೆ ಗಾಯ ಮಾಯಿಸುವ ಹುಡುಗಿ. ಸತ್ತವರು ಮತ್ತೆ ಏಳುವುದಿಲ್ಲ. ಬೀಡು ಬಿಟ್ಟು, ಉಂಡು ಮಲಗಿದರೆ ಮಾತ್ರ ಆಟ ಉಳಿಯುತ್ತದೆ. ನಡುವೆ ಆಟ ನಿಂತರೆ ಇಡೀ ತಂಡ ಸತ್ತಂತೆ. ಕರೆಂಟು ಹೋಗದಿರಲೆಂದು ಅಜ್ಜಿ ಹರಕೆಯನ್ನೇ ಹೊತ್ತಿದ್ದಳು.

ಅಜ್ಜಿ ಇದರೊಳಗೆ ಬಂದದ್ದು ಸೆಕೆಯಿಂದ. ಮಧ್ಯಾಹ್ನ ನಮ್ಮ ಫ್ಯಾನು ಬಿಸಿಗಾಳಿಯನ್ನು ಈ ಮೂಲೆಯಿಂದ ಆ ಮೂಲೆಗೆ ಹೊರುವ ಹಮಾಲಿ ಮಾಡುತ್ತಿತ್ತು. ಅದರಡಿ ನಿದ್ದೆ ಹತ್ತದೆ ಆಕೆ ಎದ್ದು ಕೂತು ಪರದೆ ನೋಡಿದಳು. ಚೌಕಾಬಾರದಲ್ಲಿ ಓಣಿಯ ಹೆಂಗಸರನ್ನೆಲ್ಲ ಸೋಲಿಸಿದವಳು. ಎರಡೇ ನಿಮಿಷದಲ್ಲಿ ನನ್ನ ಭರ್ಜಿಯವನು ತಪ್ಪು ಮನೆಯಲ್ಲಿ ನಿಂತಿದ್ದಾನೆ ಎಂದಳು. ನಾನು ನಕ್ಕೆ. ಭರ್ಜಿಯವನ ಕಾಲು ಮುರಿಯಿತು. ಮರುದಿನದಿಂದ ನನ್ನ ಕೆಲಸ ಬರೀ ಮೌಸು ಹಿಡಿಯುವುದು.

ಹುಡುಗಿಯ ಹಣೆಯ ಮೇಲೆ ಅಡ್ಡಲಾಗಿ ಮೂರು ಬಿಳಿ ಗೆರೆಗಳಿದ್ದವು. ಆಟದ ಪ್ರಕಾರ ಅದು ಬೆಟ್ಟದ ಬೇಟೆಗಾರರ ಗುರುತು. ಅಜ್ಜಿಯ ಪ್ರಕಾರ ವಿಭೂತಿ.

"ಈಕಿ ನಮ್ಮಾಕಿ ಅದಾಳ," ಎಂದಳು.

ಆ ಬಿಸಿಲಿನಲ್ಲಿ ಅಜ್ಜಿಯನ್ನು ತಿದ್ದುವ ಉಸಾಬರಿ ಯಾರಿಗೆ ಬೇಕು? ಮೊದಲ ಬೀಡಿನಲ್ಲೇ ಅದರ ಫಲ ಸಿಕ್ಕಿತು. ನಾಲ್ವರಿಗೂ ಹಂದಿಯ ತೊಡೆ ಹಂಚಲು ಹೋದಾಗ ಆಕೆ ನನ್ನ ಕೈ ಹಿಡಿದಳು. ಆ ಮೂವರು ಗಂಡಸರು ಏನಾದರೂ ತಿಂದು ಹಾಳಾಗಲಿ, ಹುಡುಗಿಗೆ ಮಾತ್ರ ರೊಟ್ಟಿ ಎಂದು ತೀರ್ಪಾಯಿತು. ಅಂಗಡಿ ಇದ್ದದ್ದು ಮೇಲೆ, ಆಟದ ಊರಿನಲ್ಲಿ. ಇದ್ದಬದ್ದ ರೊಟ್ಟಿಯನ್ನೆಲ್ಲ ಅವಳಿಗೇ ಎತ್ತಿಟ್ಟು ಮೂರು ವಾರ ಇಳಿದೆವು. ಗಂಡಸರು ತೋಳ, ಬಾವಲಿ, ಒಮ್ಮೆ ಹದಿನೆಂಟು ಕಾಲಿನ ಏನನ್ನೋ ತಿಂದು ಜಿನ್ನಿಂಗ್ ಮಿಲ್ಲಿನ ಹತ್ತಿ ಬೇಲುಗಳ ಹಾಗೆ ಉಬ್ಬಿದರು. ಹುಡುಗಿ ಅರ್ಧರ್ಧ ರೊಟ್ಟಿಯಲ್ಲಿ ದಿನ ತಳ್ಳಿದಳು. ಅವಳು ನಿಟ್ಟುಸಿರು ಬಿಟ್ಟಾಗಲೆಲ್ಲ ಅಜ್ಜಿಯೂ ಮಂಡಿ ಒತ್ತಿಕೊಂಡು ನಿಟ್ಟುಸಿರು ಬಿಡುತ್ತಿದ್ದಳು. ನಡುವೆ ಕೂತು ನನಗೂ ಸುಸ್ತು.

ಒಂಬತ್ತನೇ ಅಂತಸ್ತಿನಲ್ಲಿ ರೊಟ್ಟಿ ಮುಗಿಯಿತು. ಹುಡುಗಿಯ ಮುಖ ಬೂದಿಯಾಯಿತು. ಇನ್ನು ಮೂರು ಹೆಜ್ಜೆ ನಡೆದರೆ ಜೀವ ಹೋಗುತ್ತದೆ ಎಂದು ಆಟ ಕೆಂಪಕ್ಷರದಲ್ಲಿ ಹೇಳಿತು.

"ಆ ಪಾತಾಳದಾಗ ಒಂದು ಸೊಪ್ಪಿನ ಗಿಡನೂ ಇಲ್ಲೇನಲೇ?"

"ಇಲ್ಲಜ್ಜಿ. ತೋಳದ ಮಾಂಸ ಅಷ್ಟ ಐತಿ."

"ಉಪವಾಸ ಮಲಗಿಸು."

"ಮಲಗಿದ್ರ ಏಳಂಗಿಲ್ಲ."

ಅಜ್ಜಿ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು, ಅದು ಪರದೆಯನ್ನು ನೋಡದ ಹಾಗೆ, ಸೆರಗಿನೊಳಗೆ ಮುಚ್ಚಿದಳು.

"ತಿನ್ನಲಿ. ಪಾಪ ಬಂದ್ರ ನನಗ ಬರ್ಲಿ. ಆಕಿ ಸಣ್ಣಾಕಿ."

ಅಜ್ಜಿಗೆ ಕಿವಿ ಮಂದ. ಹಾಗಾಗಿ ಪಕ್ಕದವರಿಗೆ ಹೇಳುವ ಮಾತನ್ನು ಹರದಾರಿಗಳಾಚೆಯ ಪೆದ್ದಕಡುಬೂರಿನವರೂ ಕೇಳಬೇಕು. ಪರದೆಯ ಹತ್ತಿರ ಬಾಗಿ ಹೇಳಿದಳು:

"ಮಾಂಸ ತಿನ್ನವ್ವ. ಕಣ್ಣು ಮುಚ್ಚಿ ತಿಂದುಬಿಡು."

ನಾನು ಮಾಂಸದ ಚಿತ್ರವನ್ನು ಹುಡುಗಿಯ ಕಡೆ ಎಳೆಯುತ್ತಿದ್ದೆ. ಬಾಗಿಲಲ್ಲಿ ಅಪ್ಪ. ಹತ್ತಿ ಮಾರ್ಕೆಟ್ಟಿನಿಂದ ಊಟಕ್ಕೆ ಬಂದವನು, ಅಂಗಿ ಬೆನ್ನಿಗೆ ಅಂಟಿತ್ತು. ತನ್ನ ತಾಯಿಯ ಬಾಯಿಂದ ಹೊರಟ ಆ ಮಾತು ಅವನಿಗೆ ಪೂರ್ತಿ ಕೇಳಿಸಿತ್ತು. ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ, ಕೋಣೆಯಲ್ಲಿ ತಟ್ಟೆ ಎಲ್ಲಿದೆ ಎಂದು ಮಂಚದ ಕೆಳಗೂ ನೋಡಿದ.

"ಯವ್ವಾ, ಯಾರಿಗೆ ಹೇಳಾಕತ್ತಿ?"

ಅಜ್ಜಿ ಪರದೆ ತೋರಿಸಿದಳು. "ಈಕಿಗೆ. ಒಂದ್ ನಿಮಿಷ ತಡಿಯಪ್ಪ, ಉಂಡು ಮಲಗಲಿ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಅಷ್ಟರಲ್ಲಿ ನಾನು ಕೆಲಸ ಮುಗಿಸುತ್ತಿದ್ದೆ. ನಡೆದು ಬಂದು, ಗೋಡೆಯ ಸ್ವಿಚ್ಚು ಒತ್ತಿ, ಕೈಕಾಲು ತೊಳೆಯಲು ಹೋದ.

ಅಜ್ಜಿ ಕಪ್ಪು ಪರದೆಯನ್ನೇ ನೋಡುತ್ತಿದ್ದಳು.

"ಉಂಡ್ಳೇನು?"

"ಉಂಡ್ಳು," ಎಂದೆ.